ಸೆರಗಿನ ಮರೆಯ ಸೂಜಿ

ಕನ್ನಡಕ ಹಾಕಿಕೊಂಡ ಹುಡುಗಿಯನ್ನು ಕಂಡು ಇವತ್ತು ಯಾರೂ ‘ಅಯ್ಯೋ ಪಾಪ’ ಎನ್ನುವುದಿಲ್ಲ. ನಾವು ಚಿಕ್ಕವರಿದ್ದಾಗ ಎನ್ನುತ್ತಿದ್ದರು. ಹೆಣ್ಣು ನೋಡುವ ದಿನ ಅವಳ ಕನ್ನಡಕ ತೆಗೆಸಿ ಅಡುಗೆಮನೆಯ ಗೂಡಿನಲ್ಲಿಟ್ಟು, ಕೈಗೆ ಕಾಫಿಯ ತಟ್ಟೆ ಕೊಟ್ಟು ಹಜಾರಕ್ಕೆ ಕಳಿಸುತ್ತಿದ್ದರು. ಆ ಹುಡುಗಿಗೋ ಎದುರಿಗಿದ್ದವರೆಲ್ಲ ಮಂಜಿನೊಳಗಿನ ಅಡಿಕೆ ಮರಗಳ ಹಾಗೆ ಕಾಣುತ್ತಿದ್ದರು. ಅವರಲ್ಲಿ ಮದುವೆಯ ಗಂಡು ಯಾರು, ಗಂಡಿನ ಸೋದರಮಾವ ಯಾರು ಎಂದು ಅವಳಿಗೆ ತಿಳಿಯುತ್ತಿದ್ದುದು ಮಾತುಕತೆ ಶುರುವಾದ ಮೇಲೆಯೇ!

ಈಗ ಇದನ್ನು ಹೇಳಿದರೆ ನಮ್ಮ ಮಕ್ಕಳು ನಗುತ್ತಾರೆ. ಕನ್ನಡಕದ ಕಳಂಕ ಹೋಯಿತು. ಆದರೆ ಕಳಂಕ ಎನ್ನುವುದು ಬಾಡಿಗೆ ಮನೆಯ ಸಂಸಾರದ ಹಾಗೆ, ಒಂದು ಮನೆ ಬಿಟ್ಟರೆ ಇನ್ನೊಂದು ಮನೆ ಹುಡುಕಿಕೊಳ್ಳುತ್ತದೆ. ಇವತ್ತು ಅದು ಬಂದು ಕೂತಿರುವುದು ಇನ್ಸುಲಿನ್ ತೆಗೆದುಕೊಳ್ಳುವ ಹೆಣ್ಣುಮಕ್ಕಳ ಮನೆಯಲ್ಲಿ. ಮೂವತ್ತು ವರ್ಷಗಳ ಹತ್ತಿರ ಹತ್ತಿರ ಪಾಠ ಹೇಳಿದ್ದೇನೆ. ಆ ಅವಧಿಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗಿಯರು ನಮ್ಮ ತರಗತಿಗಳಿಗೆ ಒಬ್ಬರ ಹಿಂದೆ ಒಬ್ಬರು ಬಂದು ಹೋಗಿದ್ದಾರೆ. ಅವರ ತಾಯಂದಿರೆಲ್ಲ ಶಾಲೆಗೆ ಸೇರಿಸಿದ ವಾರದಲ್ಲಿ ನನ್ನನ್ನು ಒಂದು ಮೂಲೆಗೆ ಕರೆದು ಪಿಸುಮಾತಿನಲ್ಲಿ ಹೇಳಿದ ಮಾತು ಒಂದೇ: “ಮೇಡಂ, ನಿಮಗೊಬ್ಬರಿಗೆ ಹೇಳ್ತಿದೀನಿ. ದಯವಿಟ್ಟು ಯಾರ ಹತ್ರಾನೂ ಬಾಯಿ ಬಿಡಬೇಡಿ. ನಾಳೆ ಮದುವೆ ಮಾಡಬೇಕಾದ ಹುಡುಗಿ.”

ಆಗ ಆ ಹುಡುಗಿಯ ವಯಸ್ಸು ಹನ್ನೊಂದೋ ಹನ್ನೆರಡೋ ಇರುತ್ತದೆ!

ನನ್ನ ಜಗಳ ಸಕ್ಕರೆ ಕಾಯಿಲೆಯ ಜೊತೆಗಲ್ಲ. ಅದರ ಜೊತೆ ಗುದ್ದಾಡಲು ವೈದ್ಯರಿದ್ದಾರೆ. ನನ್ನ ಜಗಳ ಈ ಪಿಸುಮಾತಿನ ಜೊತೆಗೆ. ನಮ್ಮ ಹೆಣ್ಣುಮಕ್ಕಳನ್ನು ಆಟದ ಬಯಲಿನಿಂದ, ಪ್ರವಾಸದಿಂದ, ಕೆಲಸದಿಂದ, ಕೆಲವೊಮ್ಮೆ ಬದುಕಿನಿಂದಲೇ ಆಚೆ ತಳ್ಳುತ್ತಿರುವುದು ಕಾಯಿಲೆಗಿಂತ ಹೆಚ್ಚಾಗಿ ಅದನ್ನು ಮುಚ್ಚಿಡುವ ನಮ್ಮ ಚಾಳಿ. ಇದು ನನ್ನ ವಾದ. ಒಪ್ಪದವರು ಕೊನೆಯವರೆಗೆ ಓದಿ ಆಮೇಲೆ ಬೈಯಲಿ.

ಮೊದಲು ಕಾಯಿಲೆಯ ವಿಷಯ ಎರಡು ಮಾತು. ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಇವರಲ್ಲಿ ಬಹುಪಾಲು ಜನರದ್ದು ನಡುವಯಸ್ಸಿನಲ್ಲಿ ಬರುವ, ಮಾತ್ರೆ, ಪಥ್ಯ, ನಡಿಗೆಗಳಿಂದ ಹತೋಟಿಗೆ ಸಿಗುವ ಎರಡನೇ ಬಗೆಯದು. ಮಕ್ಕಳಿಗೆ ಸಾಮಾನ್ಯವಾಗಿ ಬರುವುದು ಬೇರೆ. ಅದನ್ನು ಟೈಪ್ 1 ಎನ್ನುತ್ತಾರೆ. ಇದರಲ್ಲಿ ರೋಗಗಳಿಂದ ನಮ್ಮನ್ನು ಕಾಯಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶ ಮಾಡಿಬಿಡುತ್ತದೆ. ಇನ್ಸುಲಿನ್ ಇಲ್ಲದೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿದು ಮೂತ್ರದಲ್ಲಿ ಹರಿದುಹೋಗುತ್ತದೆ. ಮಗು ಎಷ್ಟು ತಿಂದರೂ ಸೊರಗುತ್ತದೆ, ಕೊಡಗಟ್ಟಲೆ ನೀರು ಕುಡಿಯುತ್ತದೆ.

ಇದು ಸಿಹಿ ತಿಂದದ್ದಕ್ಕೆ ಬಂದದ್ದಲ್ಲ. ಬಸುರಿಯಾಗಿದ್ದಾಗ ತಾಯಿ ಮೈಸೂರುಪಾಕು ತಿಂದಳು ಎಂದು ಬಂದದ್ದೂ ಅಲ್ಲ. ಆದರೂ ನಮ್ಮ ಕಡೆ ಮಗುವಿಗೆ ಟೈಪ್ 1 ಎಂದು ಗೊತ್ತಾದ ದಿನದಿಂದ ಆ ಮನೆಯ ಸೊಸೆಗೆ ವಿಚಾರಣೆ ಶುರುವಾಗುತ್ತದೆ. “ನಮ್ಮ ವಂಶದಲ್ಲಿ ಇಂಥದ್ದಿರಲಿಲ್ಲಪ್ಪ, ಅವಳ ತವರಿನ ಕಡೆಯಿಂದಲೇ ಬಂದಿರಬೇಕು” ಎಂದು ಅತ್ತೆ ತೀರ್ಪು ಕೊಟ್ಟುಬಿಡುತ್ತಾರೆ. ಮುಚ್ಚಿಡುವ ಚಾಳಿಯ ಮೊದಲ ಬೀಜ ಬೀಳುವುದು ಇಲ್ಲಿ. ತಪ್ಪಿತಸ್ಥಳ ಸ್ಥಾನದಲ್ಲಿ ನಿಲ್ಲಿಸಿದ ತಾಯಿ ಮಗಳ ಕಾಯಿಲೆಯನ್ನು ಕಳ್ಳಮಾಲಿನಂತೆ ಬಚ್ಚಿಡದೆ ಇನ್ನೇನು ಮಾಡುತ್ತಾಳೆ?

ನೂರು ವರ್ಷಗಳ ಹಿಂದೆ ಈ ಕಾಯಿಲೆ ಎಂದರೆ ಸಾವು ಎಂದೇ ಅರ್ಥ. ಕೆನಡಾದ ಟೊರಾಂಟೋ ನಗರದಲ್ಲಿ 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಮ್ಯಾಕ್ಲಿಯಾಡ್ ಅವರ ಪ್ರಯೋಗಶಾಲೆಯಲ್ಲಿ ದುಡಿದು ಇನ್ಸುಲಿನ್ ಕಂಡುಹಿಡಿದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲು ಕೊಟ್ಟರು, ಹುಡುಗ ಉಳಿದುಕೊಂಡ. ಆ ವಿಜ್ಞಾನಿಗಳು ಪೇಟೆಂಟನ್ನು ಟೊರಾಂಟೋ ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿಗೆ ಬರೆದುಕೊಟ್ಟರು. ಲೋಕಕ್ಕೆಲ್ಲ ಸಿಗಲಿ ಎಂದು ಹೀಗೆ ಬಿಚ್ಚು ಕೈಯಿಂದ ಕೊಟ್ಟ ಔಷಧಿಯನ್ನು ನಾವು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ತೆಗೆದುಕೊಳ್ಳುತ್ತಿದ್ದೇವೆ!

ಆ ಮೊದಲ ವರ್ಷದ ರೋಗಿಗಳಲ್ಲಿ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿಯೂ ಇದ್ದಳು. ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು. ಉಪವಾಸದಂಥ ಪಥ್ಯದ ಮೇಲೆ ಮೂರು ವರ್ಷ ಜೀವ ಹಿಡಿದುಕೊಂಡಿದ್ದವಳು. ಟೊರಾಂಟೋಗೆ ಬಂದಾಗ ಹದಿನೈದು ತುಂಬಲು ಕೆಲವೇ ದಿನ ಬಾಕಿ, ಮೈತೂಕ ಇಪ್ಪತ್ತು ಕಿಲೋ ಆಸುಪಾಸು. ಇನ್ಸುಲಿನ್ ಸಿಕ್ಕಿದ ಮೇಲೆ ಅವಳು ಬೆಳೆದಳು, ಓದಿದಳು, ಮದುವೆಯಾದಳು, ಮೂರು ಮಕ್ಕಳನ್ನು ಹೆತ್ತಳು. 1981ರಲ್ಲಿ, ಎಪ್ಪತ್ಮೂರನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟರೊಳಗೆ ಅವಳು ತೆಗೆದುಕೊಂಡಿದ್ದ ಇಂಜೆಕ್ಷನ್‌ಗಳ ಸಂಖ್ಯೆ ಸುಮಾರು 42 ಸಾವಿರ. ಆದರೆ ಇಷ್ಟು ದೊಡ್ಡ ಗೆಲುವನ್ನು ಆಕೆ ಜೀವನವಿಡೀ ಜನರಿಂದ ಮುಚ್ಚಿಟ್ಟಳು. ಕಾಯಿಲೆಗೆ ಸಂಬಂಧಿಸಿದ ಕಾಗದಪತ್ರಗಳನ್ನು ಕೂಡ ನಾಶ ಮಾಡಿದಳು. ಮಂತ್ರಿಯ ಮಗಳಿಗೇ ಈ ಅಂಜಿಕೆ ಇತ್ತು ಎಂದರೆ ನಮ್ಮ ಹಳ್ಳಿ ಪಟ್ಟಣಗಳ ಗುಮಾಸ್ತರ, ರೈತರ, ಅಂಗಡಿಯವರ ಹೆಣ್ಣುಮಕ್ಕಳಿಗೆ ಇರುವುದು ಆಶ್ಚರ್ಯವಲ್ಲ. ಆದರೆ ಆಕೆಯದು ನೂರು ವರ್ಷದ ಹಿಂದಿನ ಕಾಲ. ನಮ್ಮದು ಯಾವ ಕಾಲ?

ಈಗ ಪಂಪಿನ ವಿಷಯಕ್ಕೆ ಬರುತ್ತೇನೆ. ಇನ್ಸುಲಿನ್ ಪಂಪು ಎಂದರೆ ಏನೋ ಎಂತೋ ಎಂದು ಹೆದರುವವರಿಗಾಗಿ ಹೇಳುತ್ತೇನೆ. ಸಣ್ಣ ಮೊಬೈಲ್ ಫೋನಿನಷ್ಟು ದೊಡ್ಡ ಯಂತ್ರ. ಅದರೊಳಗೆ ಇನ್ಸುಲಿನ್ ತುಂಬಿದ ಕೊಳವೆ. ಅದರಿಂದ ಹೊರಟ ನೂಲಿನಂಥ ನಳಿಕೆಯ ತುದಿಯನ್ನು ಹೊಟ್ಟೆಯ ಚರ್ಮದ ಕೆಳಗೆ ಕೂರಿಸಿರುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಾಯಿಸಬೇಕು. ಆಪರೇಷನ್ ಏನೂ ಇಲ್ಲ, ಮನೆಯಲ್ಲೇ ಮಾಡಿಕೊಳ್ಳುವ ಕೆಲಸ. ಯಂತ್ರ ಹಗಲು ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಿರುತ್ತದೆ. ಊಟದ ಹೊತ್ತಿಗೆ ಎಷ್ಟು ಅನ್ನ, ಎಷ್ಟು ಮುದ್ದೆ ಎಂದು ಲೆಕ್ಕ ಹಾಕಿ ಗುಂಡಿ ಒತ್ತಿದರೆ ಅದಕ್ಕೆ ತಕ್ಕಷ್ಟು ಹೆಚ್ಚಿಗೆ ಬಿಡುತ್ತದೆ. ಓಡುವ, ಆಡುವ ಹೊತ್ತಿಗೆ ಕಡಿಮೆ ಮಾಡಿಕೊಳ್ಳಬಹುದು. ಸ್ನಾನಕ್ಕೆ ಸ್ವಲ್ಪ ಹೊತ್ತು ಬಿಚ್ಚಿಡಬಹುದು. ಹೊಸ ಬಗೆಯ ಪಂಪುಗಳು ಮೈಗೆ ಅಂಟಿಸಿದ ಇನ್ನೊಂದು ಬಿಲ್ಲೆಯಿಂದ ಸಕ್ಕರೆಯ ಮಟ್ಟವನ್ನು ಆಗಾಗ ಓದಿಕೊಂಡು, ಮಟ್ಟ ಇಳಿಯುತ್ತಿದ್ದರೆ ತಾವೇ ಇನ್ಸುಲಿನ್ ನಿಲ್ಲಿಸುತ್ತವೆ.

1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ಆರ್ನಾಲ್ಡ್ ಕಾದಿಶ್ ತಯಾರಿಸಿದ ಮೊದಲ ಯಂತ್ರವನ್ನು ಮೂಟೆಯ ಹಾಗೆ ಬೆನ್ನಿಗೆ ಹೊತ್ತುಕೊಳ್ಳಬೇಕಿತ್ತಂತೆ. 1978ರಲ್ಲಿ ಲಂಡನ್ನಿನ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು ಚರ್ಮದ ಕೆಳಗೆ ಸತತವಾಗಿ ಇನ್ಸುಲಿನ್ ಬಿಡುವ ವಿಧಾನವನ್ನು ವೈದ್ಯಲೋಕದ ಮುಂದಿಟ್ಟರು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಮೂಟೆ ಹೋಗಿ ಲಂಗದ ಪಟ್ಟಿಗೆ ಸಿಕ್ಕಿಸುವ ಡಬ್ಬಿಯಾಗಿದೆ.

ಆದರೆ ನಮ್ಮ ಜನರ ಮಾತು ಕೇಳಿ. ಪಂಪು ಹಾಕಿಕೊಂಡಿದ್ದಾಳೆ ಎಂದರೆ “ಓ, ಹಾಗಾದರೆ ಕೊನೇ ಹಂತ” ಎನ್ನುತ್ತಾರೆ. ಕಾಯಿಲೆ ಕೈಮೀರಿದವರಿಗೇ ಯಂತ್ರ ಹಾಕುವುದು ಎಂಬ ತಿಳಿವಳಿಕೆ. ಇನ್ನು ಕೆಲವರದು ಇದಕ್ಕೆ ಪೂರಾ ತಿರುಗಾಮುರುಗ. “ಯಂತ್ರ ಬಂತಲ್ಲ, ಇನ್ನೇನು ವಾಸಿಯಾದ ಹಾಗೇ. ಹೋಳಿಗೆ ಹೊಡಿ” ಎನ್ನುತ್ತಾರೆ. ಎರಡೂ ಸುಳ್ಳು. ಪಂಪು ಸಾವಿನ ಗುರುತೂ ಅಲ್ಲ, ಮಂತ್ರದಂಡವೂ ಅಲ್ಲ. ಅದಕ್ಕೆ ಲೆಕ್ಕ ಹೇಳಿಕೊಡುವವಳು, ಗುಂಡಿ ಒತ್ತುವವಳು, ನಳಿಕೆ ಬದಲಾಯಿಸುವವಳು ಆ ಹುಡುಗಿಯೇ. ನಳಿಕೆ ಕಟ್ಟಿಕೊಂಡು ಇನ್ಸುಲಿನ್ ನಿಂತರೆ ಕೆಲವೇ ಗಂಟೆಗಳಲ್ಲಿ ಅಪಾಯ, ಏಕೆಂದರೆ ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿದುಹೋಗುವ ಇನ್ಸುಲಿನ್. ಅಂದರೆ ಪಂಪು ಧರಿಸಿದವಳು ಎಚ್ಚರದ, ಲೆಕ್ಕ ಬಲ್ಲ, ತನ್ನ ಮೈಯನ್ನು ತಾನೇ ಅರಿತ ಹುಡುಗಿ. ಅಂಥವಳನ್ನು ನಾವು ‘ಪಾಪ’ ಎನ್ನುತ್ತೇವೆ!

ಇನ್ಸುಲಿನ್ ತೆಗೆದುಕೊಳ್ಳುವವರು ಸುಮ್ಮನೆ ಮನೆಯಲ್ಲಿ ಕೂರಬೇಕು, ಓಡಬಾರದು, ದಣಿಯಬಾರದು ಎಂಬ ಮಾತನ್ನು ಯಾರು ಹುಟ್ಟಿಸಿದರೋ ಕಾಣೆ. ಕ್ರಿಕೆಟ್ ನೋಡುವ ಗಂಡಸರಿಗೆ ವಾಸಿಂ ಅಕ್ರಂ ಗೊತ್ತಿಲ್ಲದೆ ಇಲ್ಲ. 1997ರ ಸುಮಾರಿಗೆ ಮಧುಮೇಹ ಎಂದು ತಿಳಿದ ಮೇಲೂ ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆತ ವರ್ಷಗಟ್ಟಲೆ ಬೌಲ್ ಮಾಡಿ, 2003ರ ವಿಶ್ವಕಪ್ಪಿನಲ್ಲಿ ಒಂದು ದಿನದ ಪಂದ್ಯಗಳ ಐನೂರನೆಯ ವಿಕೆಟ್ ತೆಗೆದ. ಅಮೆರಿಕದ ಈಜುಗಾರ ಗ್ಯಾರಿ ಹಾಲ್‌ಗೆ 1999ರಲ್ಲಿ ಟೈಪ್ 1 ಬಂತು. ಮಾರನೆಯ ವರ್ಷವೇ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಹಂಚಿಕೊಂಡ, 2004ರಲ್ಲಿ ಅಥೆನ್ಸ್‌ನಲ್ಲಿ ಮತ್ತೆ ಗೆದ್ದ.

ಹೆಂಗಸರ ಉದಾಹರಣೆ ಬೇಕೆ? ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ಅವರಿಗೆ ಏಳನೆಯ ವಯಸ್ಸಿನಲ್ಲಿ ಟೈಪ್ 1 ಬಂತು. ಬಡ ಮನೆ. ಇಂಜೆಕ್ಷನ್ ಯಾರು ಕೊಡಬೇಕು ಎಂದು ಅಪ್ಪ ಅಮ್ಮನಿಗೆ ಜಗಳ, ಅಪ್ಪನ ಕೈ ನಡುಗುತ್ತಿತ್ತು. ಇವರ ಜಗಳ ಬೇಡವೆಂದು ಆ ಮಗು ಒಲೆಯ ಹತ್ತಿರ ಕುರ್ಚಿ ಎಳೆದುಕೊಂಡು, ಮೇಲೆ ಹತ್ತಿ, ಸಿರಿಂಜನ್ನು ನೀರಿನಲ್ಲಿ ಕುದಿಸಿ ತಾನೇ ಚುಚ್ಚಿಕೊಳ್ಳುವುದನ್ನು ಕಲಿಯಿತು. ಆ ಮಗು 2009ರಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠದಲ್ಲಿ ಕೂತಿತು. ಇಂಗ್ಲೆಂಡಿನ ತೆರೇಸಾ ಮೇ ಅವರಿಗೆ ಈ ಕಾಯಿಲೆ ಬಂದದ್ದು ಐವತ್ತು ದಾಟಿದ ಮೇಲೆ. ಅದನ್ನು 2013ರಲ್ಲಿ ಸಾರ್ವಜನಿಕವಾಗಿ ಹೇಳಿಕೊಂಡರು, ಮೂರು ವರ್ಷದ ಮೇಲೆ ಪ್ರಧಾನಿಯಾದರು. ದಿನಕ್ಕೆ ಹಲವು ಸಲ ಇಂಜೆಕ್ಷನ್ ತೆಗೆದುಕೊಳ್ಳುತ್ತಲೇ 2019ರವರೆಗೆ ದೇಶ ಆಳಿದರು.

ಸೌಂದರ್ಯ ಸ್ಪರ್ಧೆಗಳ ಬಗ್ಗೆ ನನಗೆ ಒಲವಿಲ್ಲ, ಆದರೂ ಇದನ್ನು ಹೇಳಲೇಬೇಕು. 1999ರ ಸಾಲಿನ ಮಿಸ್ ಅಮೆರಿಕ ಆಗಿ ಆರಿಸಿ ಬಂದ ನಿಕೋಲ್ ಜಾನ್ಸನ್ ಇನ್ಸುಲಿನ್ ಪಂಪು ಧರಿಸುತ್ತಿದ್ದಳು. 2014ರಲ್ಲಿ ಮಿಸ್ ಐಡಹೋ ಆದ ಸಿಯೆರಾ ಸ್ಯಾಂಡಿಸನ್ ಎಂಬ ಹುಡುಗಿ ಈಜುಡುಗೆಯ ಸುತ್ತಿನಲ್ಲಿ ಪಂಪು ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡೇ ವೇದಿಕೆಯ ಮೇಲೆ ನಡೆದಳು. ಅದನ್ನು ಕಂಡು ಎಷ್ಟೋ ಜನ ತಮ್ಮ ತಮ್ಮ ಪಂಪಿನ ಫೋಟೋ ತೆಗೆದು ಲೋಕಕ್ಕೆ ತೋರಿಸಿದರು. ಮೈಯ ಚೆಲುವನ್ನೇ ತೂಗಿ ನೋಡುವ ಕಡೆ ಕೂಡ ಪಂಪು ಅಡ್ಡ ಬರಲಿಲ್ಲ. ನಮ್ಮ ಹೆಣ್ಣು ನೋಡುವ ಶಾಸ್ತ್ರ ಅದಕ್ಕಿಂತ ಕಠಿಣವೇನು?

ನಮ್ಮ ಕಣ್ಣೆದುರಿನದನ್ನೇ ಹೇಳುತ್ತೇನೆ. ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಪಂಪು ಧರಿಸುವ ಹುಡುಗಿ ಇದ್ದಾಳೆ. ತಂದೆ ಬ್ಯಾಂಕಿನಲ್ಲಿದ್ದಾರೆ, ಸಾಲ ಮಾಡಿ ಕೊಡಿಸಿದ್ದಾರೆ. ಥ್ರೋಬಾಲ್‌ನಲ್ಲಿ ಅವಳ ಕೈ ಬಲು ಜೋರು. ತಾಲ್ಲೂಕು ಪಂದ್ಯಕ್ಕೆ ತಂಡ ಆರಿಸುವಾಗ ಅವಳ ಹೆಸರು ಬಿಟ್ಟುಹೋಯಿತು. ಕೇಳಿದರೆ, “ಏನಾದ್ರೂ ಆದ್ರೆ ಯಾರು ಹೊಣೆ ಮೇಡಂ? ನಮಗ್ಯಾಕೆ ಇಲ್ಲದ ಉಸಾಬರಿ?” ಎಂಬ ಉತ್ತರ. ನಾನು ಕೇಳಿದೆ: “ಸಾರ್, ಪ್ರತಿವರ್ಷ ಒಂದಿಬ್ಬರು ಮಕ್ಕಳು ಬಿದ್ದು ಕೈ ಮುರ್ಕೊಳ್ತಾರೆ. ಹಾಗಂತ ಕೈ ಇರೋರನ್ನೆಲ್ಲ ಆಟದಿಂದ ತೆಗೆದುಬಿಡ್ತೀರಾ?” ಹುಡುಗಿಯ ತಾಯಿ ವೈದ್ಯರ ಚೀಟಿ ತಂದುಕೊಟ್ಟರು. ಅವರು ಹೇಳಿದಂತೆ ಆಟಕ್ಕೆ ಮುಂಚೆ ಸಕ್ಕರೆ ಪರೀಕ್ಷಿಸಿ, ಇನ್ಸುಲಿನ್ ತಗ್ಗಿಸಿ, ಪಂಪನ್ನು ಬಟ್ಟೆಯ ಚೀಲದಲ್ಲಿ ಸೊಂಟಕ್ಕೆ ಬಿಗಿದುಕೊಂಡು, ಗ್ಲೂಕೋಸ್ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಅವಳು ಆಡಿದಳು. ನಮ್ಮ ತಂಡ ಎರಡನೇ ಸುತ್ತಿನಲ್ಲಿ ಸೋತಿತು. ಎದುರಿನವರು ಚೆನ್ನಾಗಿ ಆಡಿದರು, ಅಷ್ಟೆ. ಗ್ಲೂಕೋಸ್ ಪೊಟ್ಟಣವನ್ನು ಬಿಚ್ಚುವ ಪ್ರಮೇಯವೇ ಬರಲಿಲ್ಲ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಅವಳು ಆಡಲು ಸಾಧ್ಯವಾದದ್ದು ಬರೀ ಪಂಪಿನಿಂದಲ್ಲ. ಅವಳ ಸಂಗಾತಿಗಳಿಗೆ, ಟೀಚರುಗಳಿಗೆ, ಎಲ್ಲರಿಗೂ ವಿಷಯ ಗೊತ್ತಿತ್ತು. ಆಟ ಆಡಿದರೆ ಮಾಂಸಖಂಡಗಳು ಸಕ್ಕರೆಯನ್ನು ಉರಿಸುತ್ತವೆ, ರಕ್ತದಲ್ಲಿ ಮಟ್ಟ ಇಳಿಯುತ್ತದೆ. ಕೆಲವೊಮ್ಮೆ ಆಡಿದ ದಿನದ ರಾತ್ರಿ ಕೂಡ ಇಳಿಯಬಹುದು. 70ಕ್ಕಿಂತ ಕೆಳಗೆ ಹೋದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಆಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಮಟ್ಟ ಏರದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಇಷ್ಟೇ. ಕಲಿಯಲು ಹತ್ತು ನಿಮಿಷ ಸಾಕು. ಆದರೆ ಈ ಹತ್ತು ನಿಮಿಷದ ವಿದ್ಯೆ ಉಪಯೋಗಕ್ಕೆ ಬರಬೇಕಾದರೆ ಪಕ್ಕದ ಬೆಂಚಿನ ಹುಡುಗಿಗೆ ವಿಷಯ ಗೊತ್ತಿರಬೇಕು. ಮುಚ್ಚಿಟ್ಟ ಕಡೆ ಏನಾಗುತ್ತದೆ? ಸಕ್ಕರೆ ಇಳಿದು ತೊದಲುತ್ತಿರುವ ಹುಡುಗಿಗೆ “ಏನು ನಿದ್ದೆ ಮಾಡ್ತಿದೀಯಾ?” ಎಂದು ಟೀಚರು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಇದು ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಕಣ್ಣಾರೆ ಕಂಡದ್ದು. ಪಾಪ, ಆ ಟೀಚರು ಕೆಟ್ಟವರಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ಕಾಗದದ ಮೇಲೆ ನಮ್ಮ ದೇಶದ ನಿಯಮಗಳು ಈ ಮಕ್ಕಳ ಪರವಾಗಿಯೇ ಇವೆ. ಸಿ.ಬಿ.ಎಸ್.ಇ. ಮಂಡಳಿ 2017ರಲ್ಲೇ ಟೈಪ್ 1 ಇರುವ ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದು ಎಂದಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ವೈದ್ಯರು ಹೇಳಿದ ಮಗುವಿಗೆ ತರಗತಿಯಲ್ಲೇ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು, ಆಟದಲ್ಲಿ ಭಾಗವಹಿಸಲು ಅವಕಾಶ ಕೊಡಬೇಕು ಎಂದು ಅದರಲ್ಲಿದೆ. ಪಂಪು ಮೈಗೆ ಸೇರಿದ್ದಾದ್ದರಿಂದ ಪರೀಕ್ಷೆಯಲ್ಲೂ ಅದನ್ನು ಧರಿಸಿರಲು ಬಿಡಬೇಕು ಎಂದೂ ಇದೆ. ಆದರೆ ಒಂದು ಪರೀಕ್ಷಾ ಕೇಂದ್ರದಲ್ಲಿ ‘ಎಲೆಕ್ಟ್ರಾನಿಕ್ ಸಾಮಾನು ತರುವ ಹಾಗಿಲ್ಲ’ ಎಂದು ನಮ್ಮ ಈ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿದರು. ಆಯೋಗದ ಪತ್ರವನ್ನು ಅಲ್ಲಿ ಯಾರೂ ಓದಿರಲಿಲ್ಲ. ಅದರ ಪ್ರತಿ ನನ್ನ ಕೈಚೀಲದಲ್ಲಿ ಇದ್ದುದರಿಂದ ಅವಳು ಪರೀಕ್ಷೆ ಬರೆದಳು. ಎಷ್ಟು ಜನ ಮಕ್ಕಳ ಟೀಚರುಗಳ ಕೈಚೀಲದಲ್ಲಿ ಆ ಪತ್ರ ಇರುತ್ತದೆ?

ಇನ್ನು ಮದುವೆಯ ಮಾತು. ಎಲ್ಲ ಮುಚ್ಚುಮರೆಯ ತಾಯಿಬೇರು ಇರುವುದು ಇಲ್ಲಿ. ತಾಯಂದಿರ ಭಯ ಸುಳ್ಳಲ್ಲ, ನಾನು ಒಪ್ಪುತ್ತೇನೆ. ವಿಷಯ ಹೇಳಿದರೆ ಸಂಬಂಧಗಳು ತಪ್ಪಿಹೋಗುತ್ತವೆ. ನಲವತ್ತು ದಾಟಿದ ಗಂಡಸಿಗೆ ಸಕ್ಕರೆ ಬಂದರೆ ‘ಕೆಲಸದ ಒತ್ತಡ’ ಎನ್ನುವ ಸಮಾಜ, ಹುಡುಗಿಗೆ ಬಂದರೆ ‘ದೋಷ’ ಎನ್ನುತ್ತದೆ. ಗಂಡಿನ ಇಂಜೆಕ್ಷನ್ ಹೊತ್ತಿಗೆ ಹೆಂಡತಿ ತಟ್ಟೆ ಇಟ್ಟು ಕಾಯುತ್ತಾಳೆ. ಹೆಂಡತಿಯ ಇಂಜೆಕ್ಷನ್ನಿಗೆ ಬಚ್ಚಲುಮನೆಯೇ ಗತಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆ ಹೀಗೆಯೇ ಮುಚ್ಚಿಟ್ಟು ಆಯಿತು. ತಾಯಿ ಇನ್ಸುಲಿನ್ ಸೀಸೆಯನ್ನು ರವಿಕೆ ಕಣದಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟು ಕಳಿಸಿದರು. ಎರಡು ತಿಂಗಳು ಅವಳು ಕದ್ದು ಮುಚ್ಚಿ ಹೇಗೋ ನಿಭಾಯಿಸಿದಳು. ಆಮೇಲೆ ಗಂಡನ ಸೋದರತ್ತೆಯ ಊರಿನಲ್ಲಿ ಜಾತ್ರೆ. ಮನೆ ತುಂಬ ಜನ, ಒಂದು ಕೋಣೆಯಲ್ಲಿ ಎಂಟು ಹೆಂಗಸರು. ಮರೆ ಸಿಗದೆ ಮೂರು ದಿನ ಇಂಜೆಕ್ಷನ್ ತಪ್ಪಿತು. ವಾಂತಿ ಶುರುವಾಯಿತು. ಹೊಸದಾಗಿ ಮದುವೆಯಾದ ಹುಡುಗಿ ವಾಂತಿ ಮಾಡಿಕೊಂಡರೆ ನಮ್ಮವರು ಏನೆಂದುಕೊಳ್ಳುತ್ತಾರೆ ಹೇಳಿ? ಮನೆಯ ಹಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಒಬ್ಬರು ಸಕ್ಕರೆ ತಂದು ಬಾಯಿಗೆ ಹಾಕಿದರು! ನಾಲ್ಕನೆಯ ದಿನ ಹೊಟ್ಟೆನೋವು, ಏದುಸಿರು. ಆಸ್ಪತ್ರೆಗೆ ತಂದಾಗ ಪ್ರಜ್ಞೆ ಇರಲಿಲ್ಲ. ಇನ್ಸುಲಿನ್ ಇಲ್ಲದೆ ರಕ್ತ ಆಮ್ಲವಾಗಿ ತಿರುಗಿದೆ ಎಂದು ಡ್ಯೂಟಿ ಡಾಕ್ಟರು ಕಂಡುಹಿಡಿದು ಉಳಿಸಿಕೊಂಡರು. ಇನ್ನೊಂದು ಅರ್ಧ ದಿನ ತಡವಾಗಿದ್ದರೆ ಈ ಕತೆ ಹೇಳಲು ಅವಳು ಇರುತ್ತಿರಲಿಲ್ಲ.

ಆಮೇಲೆ ಅವಳ ಗಂಡ ಹೇಳಿದನಂತೆ: “ಮೊದಲೇ ಹೇಳಿದ್ದರೆ ಸೀಸೆ ನಾನೇ ಹಿಡ್ಕೊಂಡು ಬರ್ತಿದ್ದೆನಲ್ಲ.” ಆ ಹುಡುಗ ಒಳ್ಳೆಯವನು. ಒಳ್ಳೆಯವನೋ ಅಲ್ಲವೋ ಎಂದು ಪರೀಕ್ಷಿಸಿ ನೋಡುವ ಅವಕಾಶವನ್ನೇ ಹುಡುಗಿಯ ಮನೆಯವರು ಕಳೆದುಕೊಂಡಿದ್ದರು. ತಾಯಂದಿರೇ, ವಿಷಯ ಕೇಳಿದೊಡನೆ ಕಾಫಿ ಲೋಟ ಕೆಳಗಿಟ್ಟು ಎದ್ದುಹೋಗುವ ಮನೆ ನಾಳೆ ನಿಮ್ಮ ಮಗಳ ಸೀಸೆಗೆ ಫ್ರಿಜ್ಜಿನಲ್ಲಿ ಜಾಗ ಕೊಡುವ ಮನೆಯಲ್ಲ. ಅಂಥ ಸಂಬಂಧ ತಪ್ಪಿದರೆ ನಷ್ಟವೇನು? ಸಕ್ಕರೆ ಹತೋಟಿಯಲ್ಲಿಟ್ಟುಕೊಂಡು, ಗರ್ಭ ಧರಿಸುವ ಮುಂಚಿನಿಂದಲೇ ವೈದ್ಯರ ಮಾತು ಕೇಳಿಕೊಂಡು ನಡೆದರೆ ಟೈಪ್ 1 ಇರುವ ಹೆಣ್ಣು ಆರೋಗ್ಯವಂತ ಮಗುವನ್ನು ಹೆರಬಲ್ಲಳು. ಇದನ್ನು ತಲೆಯೆತ್ತಿ ಹೇಳಿ. ಕೇಳುವ ಮನೆ ಸಿಗುವವರೆಗೆ ಹುಡುಗಿ ಓದಲಿ, ದುಡಿಯಲಿ.

ಮುಚ್ಚಿಡುವುದರಿಂದ ಆಗುವ ಇನ್ನೊಂದು ಅನಾಹುತ ಹೇಳಿ ಮುಗಿಸುತ್ತೇನೆ. ಗುಟ್ಟಾಗಿ ಇಟ್ಟ ಕಾಯಿಲೆಗೆ ಗುಟ್ಟಾದ ಔಷಧಿಯೇ ಸಿಗುವುದು. ಇಂಥ ಊರಿನ ಇಂಥವರು ಬೇರು ಕೊಡುತ್ತಾರಂತೆ, ನಲವತ್ತೆಂಟು ದಿನ ಕಷಾಯ ಕುಡಿದರೆ ಇನ್ಸುಲಿನ್ ಬಿಡಬಹುದಂತೆ ಎಂದು ಕಿವಿಯಿಂದ ಕಿವಿಗೆ ಬರುವ ಮಾತನ್ನು ಭಯಪಟ್ಟ ತಾಯಿ ನಂಬುತ್ತಾಳೆ. “ಇನ್ಸುಲಿನ್ ಒಂದ್ಸಲ ಶುರು ಮಾಡಿದ್ರೆ ಬಿಡೋ ಹಾಗಿಲ್ಲ” ಎಂದು ಹೆದರಿಸುವವರೂ ಇದ್ದಾರೆ. ಹೌದು, ಬಿಡುವ ಹಾಗಿಲ್ಲ. ಅನ್ನವನ್ನೂ ನಾವು ಒಮ್ಮೆ ಶುರು ಮಾಡಿದವರು ಬಿಟ್ಟಿಲ್ಲವಲ್ಲ! ಹಾಗಲಕಾಯಿ ಗೊಜ್ಜು ಊಟಕ್ಕೆ ಚೆನ್ನ, ಮೆಂತ್ಯ ಒಗ್ಗರಣೆಗೆ ಚೆನ್ನ. ಟೈಪ್ 1 ಇರುವ ಮಗುವಿಗೆ ಅವು ಇನ್ಸುಲಿನ್ನಿನ ಬದಲಿಗೆ ಆಗಲಾರವು. ಇನ್ಸುಲಿನ್ ನಿಲ್ಲಿಸಿ ಎನ್ನುವವರು ಎಷ್ಟೇ ದೊಡ್ಡ ಹೆಸರಿನವರಾಗಲಿ, ಅವರನ್ನು ಹೊಸಿಲ ಆಚೆಯೇ ನಿಲ್ಲಿಸಿ.

“ನೀವು ಹೇಳೋದೆಲ್ಲ ಸರಿ ಮೇಡಂ, ಪಂಪು ನಮ್ಮಂಥವರಿಗಾ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪಂಪಿನ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ, ಆಮೇಲೆ ನಳಿಕೆ, ಬಿಲ್ಲೆ ಎಂದು ತಿಂಗಳು ತಿಂಗಳೂ ಖರ್ಚು. ಬಹುಪಾಲು ಮನೆಗಳಿಗೆ ಇದು ಎಟುಕದ ಮಾತು. ಪಂಪು ಇಲ್ಲದಿದ್ದರೆ ಬದುಕಿಲ್ಲ ಎಂದು ನಾನು ಹೇಳುತ್ತಿಲ್ಲ. ಅಕ್ರಂ ಬೌಲ್ ಮಾಡಿದ್ದು, ಸೊಟೊಮೇಯರ್ ಲಾ ಓದಿದ್ದು ಸೂಜಿಯ ಬಲದ ಮೇಲೆಯೇ. ಮೊದಲು ಪ್ರತಿಯೊಂದು ಮಗುವಿಗೂ ಇನ್ಸುಲಿನ್, ಸಿರಿಂಜು, ಸಕ್ಕರೆ ಪರೀಕ್ಷೆಯ ಪಟ್ಟಿಗಳು ತಾಲ್ಲೂಕು ಆಸ್ಪತ್ರೆಯಲ್ಲೇ ತಪ್ಪದೆ ಸಿಗಲಿ. ಅದಾದ ಮೇಲೆ ಪಂಪೂ ಬಡವರ ಕೈಗೆ ಬರಲಿ. ಆದರೆ ಕೇಳದೆ ಯಾವ ಸರ್ಕಾರ ಏನು ಕೊಟ್ಟಿದೆ? ಕೇಳಬೇಕಾದವರು ತಾಯಂದಿರು. ಅವರೆಲ್ಲ ‘ನಮ್ಮ ಮನೆಯಲ್ಲಿ ಅಂಥದ್ದೇನಿಲ್ಲ’ ಎಂದು ಬಾಗಿಲು ಹಾಕಿಕೊಂಡು ಕೂತರೆ, ‘ಅಂಥ ಮಕ್ಕಳು ನಮ್ಮ ತಾಲ್ಲೂಕಿನಲ್ಲಿಲ್ಲ’ ಎಂದು ಸರ್ಕಾರವೂ ಕಡತ ಮುಚ್ಚುತ್ತದೆ.

ಆದ್ದರಿಂದ ಈ ಪುಟ ಓದುವ ಅಕ್ಕತಂಗಿಯರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮಗಳಿಗೆ ಟೈಪ್ 1 ಇದ್ದರೆ ಜೂನ್ ತಿಂಗಳ ಮೊದಲ ವಾರವೇ ಶಾಲೆಗೆ ಹೋಗಿ, ಮೂಲೆಗೆ ಕರೆಯದೆ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿ. ವೈದ್ಯರ ಚೀಟಿಯ ಪ್ರತಿಯನ್ನು, ಒಂದು ಡಬ್ಬಿ ಗ್ಲೂಕೋಸನ್ನು ಅಲ್ಲೇ ಬಿಟ್ಟು ಬನ್ನಿ. ನೀವು ಟೀಚರಾಗಿದ್ದರೆ ಆ ಹತ್ತು ನಿಮಿಷದ ವಿದ್ಯೆ ಕಲಿತುಕೊಳ್ಳಿ. ನೀವು ಅತ್ತೆಯಾಗಿದ್ದರೆ ಫ್ರಿಜ್ಜಿನ ಬಾಗಿಲಿನಲ್ಲಿ ಒಂದು ಸೀಸೆಗೆ ಜಾಗ ಮಾಡಿ. ಮದುವೆ ಮುಂಜಿಯಲ್ಲಿ ಪಂಕ್ತಿಗೆ ಕೂತ ಹುಡುಗಿ ಎಲೆ ಹಾಕುವ ಮುಂಚೆ ಸೊಂಟದ ಯಂತ್ರ ತೆಗೆದು ಗುಂಡಿ ಒತ್ತಿದರೆ, ಪಕ್ಕದಲ್ಲಿ ಕೂತ ನೀವು ಮುಖ ತಿರುಗಿಸಬೇಡಿ, ಪಿಸುಗುಡಬೇಡಿ, ‘ಅಯ್ಯೋ’ ಎನ್ನಬೇಡಿ. “ಎಷ್ಟು ಅನ್ನಕ್ಕೆ ಲೆಕ್ಕ ಹಾಕಿದೀಯಮ್ಮ?” ಎಂದು ಕೇಳಿ, ಬಡಿಸುವವರಿಗೆ ಅಷ್ಟೇ ಬಡಿಸಲು ಹೇಳಿ.